ವರದಿಯಲ್ಲಿ ಇಲ್ಲದ ಕೆಸರು

ಹಳೆಯ ಕಾರು ಖರೀದಿಸಲು ಹೋದಾಗ ನಾವು ಏನು ಮಾಡುತ್ತೇವೆ? ಕಾರಿನ ಸುತ್ತ ಒಮ್ಮೆ ನಡೆದು ಬರುತ್ತೇವೆ. ಬಾಗಿಲು ತೆರೆದು, ಮುಚ್ಚಿ ನೋಡುತ್ತೇವೆ. ಟೈರಿಗೆ ಕಾಲಿನಿಂದ ಮೆಲ್ಲಗೆ ಒದೆಯುತ್ತೇವೆ. ಕೊನೆಗೆ ಮಾರುವವರ ಮುಖ ನೋಡಿ, "ಆಕ್ಸಿಡೆಂಟ್ ಗೀಕ್ಸಿಡೆಂಟ್ ಏನೂ ಆಗಿಲ್ಲ ತಾನೇ?" ಎಂದು ಕೇಳುತ್ತೇವೆ. "ಏನೂ ಇಲ್ಲ, ಡಾಕ್ಟರ್ ಒಬ್ಬರು ಓಡಿಸುತ್ತಿದ್ದ ಗಾಡಿ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಮ್ಮೂರಲ್ಲಿ ಮಾರಾಟಕ್ಕೆ ನಿಂತ ಹಳೆಯ ಕಾರುಗಳನ್ನೆಲ್ಲ ಲೆಕ್ಕ ಹಾಕಿದರೆ ಓಣಿಗೆ ಹತ್ತು ಡಾಕ್ಟರರಾದರೂ ಇರಬೇಕಾಗುತ್ತದೆ!

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇಲ್ಲ ಎಂದು ಅನೇಕರು ನಂಬಿದ್ದಾರೆ. ಅಲ್ಲಿ ಹಳೆಯ ಕಾರು ಮಾರುವ ಡೀಲರ್‌ಗಳಿಗೆ ತಮ್ಮದೇ ಆದ ವೆಬ್‌ಸೈಟ್ ಇರುತ್ತದೆ. ಅದರಲ್ಲಿ ಪ್ರತಿಯೊಂದು ಕಾರಿನ ಫೋಟೊ, ಬೆಲೆ ಮತ್ತು ಓಡಿದ ಮೈಲಿಗಳ ಪಕ್ಕದಲ್ಲಿ ಒಂದು ಪುಟ್ಟ ಲಿಂಕ್ ಇರುತ್ತದೆ. ಅದನ್ನು ಒತ್ತಿದರೆ ಆ ಕಾರಿನ ಪೂರ್ವ ಚರಿತ್ರೆ ತೆರೆದುಕೊಳ್ಳುತ್ತದೆ. ಎಷ್ಟು ಜನ ಮಾಲಕರಿದ್ದರು, ಯಾವ ಊರಿನಲ್ಲಿ ನೋಂದಣಿಯಾಗಿತ್ತು, ಯಾವಾಗ ಸರ್ವಿಸ್ ಆಯಿತು, ಅಪಘಾತವಾಗಿದೆಯೇ ಇಲ್ಲವೇ ಎಲ್ಲವೂ ಅದರಲ್ಲಿರುತ್ತದೆ. ಈ ವರದಿಯನ್ನು ತಯಾರಿಸುವುದು ಡೀಲರ್ ಅಲ್ಲ, ಮೂರನೆಯ ಒಂದು ಕಂಪೆನಿ. ಆದ್ದರಿಂದ ಓದುವವರಿಗೆ ಅದರ ಮೇಲೆ ತುಸು ಹೆಚ್ಚೇ ವಿಶ್ವಾಸ. ಮಾರುವವನು ಸುಳ್ಳು ಹೇಳಿಯಾನು, ಮೂರನೆಯವನಿಗೇನು ಲಾಭ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ನಮ್ಮ ನೆರೆಮನೆಯ ಹಿರಿಯ ತಾಯಿಯೊಬ್ಬರ ಮಗನಿಗೆ ಆದ ಅನುಭವವನ್ನು ಕೇಳಿ.

ಸೀಟ್ ಬೆಲ್ಟ್ ಹೇಳಿದ ಸತ್ಯ

ಆ ಯುವಕ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. 2018ರಲ್ಲಿ ಆತನ ಪತ್ನಿ ಮತ್ತು ಒಂದು ವರ್ಷದ ಮಗು ಊರಿನಿಂದ ಅಲ್ಲಿಗೆ ಹೋದರು. ಮನೆಗೊಂದು ಕಾರು ಬೇಕೇ ಬೇಕಾಯಿತು. ಅಮೆರಿಕದ ಆ ಭಾಗದಲ್ಲಿ ಕಾರಿಲ್ಲದಿದ್ದರೆ ಹಾಲು, ಬ್ರೆಡ್ಡು ತರುವುದೂ ಕಷ್ಟ. ಹೊಸ ಕಾರಿಗೆ ಸಾಲ ಮಾಡಲು ಮನಸ್ಸಿಲ್ಲದೆ, ಕೂಡಿಟ್ಟ ಹಣದಲ್ಲಿ 11 ಸಾವಿರ ಡಾಲರ್ ಕೊಟ್ಟು ಐದು ವರ್ಷ ಹಳೆಯ ಕಾರೊಂದನ್ನು ಖರೀದಿಸಿದ. ಡೀಲರನ ವೆಬ್‌ಸೈಟ್‌ನಲ್ಲಿ ಲಿಂಕ್ ಒತ್ತಿ ವರದಿಯನ್ನೂ ನೋಡಿದ್ದ. ಒಬ್ಬರೇ ಮಾಲಕರು. ಅಪಘಾತ ವರದಿಯಾಗಿಲ್ಲ. ಹಾನಿ ವರದಿಯಾಗಿಲ್ಲ. ಸಾಲಾಗಿ ಹಸಿರು ಗುರುತುಗಳು. ಊರಿಗೆ ಫೋನ್ ಮಾಡಿ, "ಉಮ್ಮಾ, ಇಲ್ಲಿ ಮೋಸ ಮಾಡಲು ಸಾಧ್ಯವೇ ಇಲ್ಲ. ಎಲ್ಲ ಕಂಪ್ಯೂಟರಿನಲ್ಲಿ ಇರುತ್ತದೆ" ಎಂದು ಹೆಮ್ಮೆಯಿಂದ ಹೇಳಿದ್ದನಂತೆ.

ನಾಲ್ಕು ತಿಂಗಳು ಕಳೆಯಿತು. ಮಳೆ ಬಂದ ದಿನ ಕಿಟಕಿ ಮುಚ್ಚಿದರೆ ಕಾರಿನೊಳಗೆ ಒದ್ದೆ ಬಟ್ಟೆಯ ಮುಗ್ಗುಲು ವಾಸನೆ. ನಂತರ ಏರ್‌ಬ್ಯಾಗ್‌ನ ಎಚ್ಚರಿಕೆ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಮೆಕ್ಯಾನಿಕ್ ಬಳಿಗೆ ಒಯ್ದಾಗ ಆತ ಬಾನೆಟ್ಟನ್ನು ತೆರೆಯಲೇ ಇಲ್ಲ. ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದ. ಹೊರಗೆ ಕಾಣುವ ಭಾಗ ಹೊಸದರಂತೆ ಇತ್ತು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಬಣ್ಣದ ಕೆಸರಿನ ಗೆರೆ ಇತ್ತು. "ಈ ಕಾರು ನೀರಿನಲ್ಲಿ ನಿಂತಿದೆ. ನೀರು ಇಷ್ಟು ಎತ್ತರಕ್ಕೆ ಬಂದಿದೆ" ಎಂದು ಆತ ಕೈಯಿಂದ ತೋರಿಸಿದ. ಏರ್‌ಬ್ಯಾಗ್‌ನ ವಯರುಗಳಿಗೆ ತುಕ್ಕು ಹಿಡಿದಿತ್ತು. ಅಪಘಾತವಾದರೆ ಅದು ಅರಳುವ ಭರವಸೆ ಇರಲಿಲ್ಲ. ಮಗುವನ್ನು ದಿನವೂ ಕೂರಿಸುತ್ತಿದ್ದುದು ಅದೇ ಕಾರಿನಲ್ಲಿ.

2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಟೆಕ್ಸಾಸ್‌ಗೆ ಅಪ್ಪಳಿಸಿತ್ತು. ಹೂಸ್ಟನ್ ನಗರ ದಿನಗಟ್ಟಲೆ ನೀರಿನಲ್ಲಿ ಮುಳುಗಿತ್ತು. ಲಕ್ಷಗಟ್ಟಲೆ ವಾಹನಗಳು ಹಾಳಾಗಿದ್ದವು. ಹೂಸ್ಟನ್‌ನಿಂದ ಡಲ್ಲಾಸ್‌ಗೆ ಸುಮಾರು ನಾಲ್ಕು ಗಂಟೆಯ ದಾರಿ.

ಹಾಗಾದರೆ ವರದಿಯಲ್ಲಿ ಏಕೆ ಬರಲಿಲ್ಲ?

ಈ ವರದಿ ಹುಟ್ಟಿದ್ದು ಹೇಗೆ?

ಇಂತಹ ವರದಿಗಳ ವ್ಯವಹಾರವನ್ನು ಅಮೆರಿಕದಲ್ಲಿ ಮನೆಮಾತು ಮಾಡಿದ್ದು ಕಾರ್‌ಫ್ಯಾಕ್ಸ್ ಎಂಬ ಕಂಪೆನಿ. 1984ರಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿನಲ್ಲಿ ಅದು ಆರಂಭವಾಯಿತು. ಆಗಿನ ದೊಡ್ಡ ಪಿಡುಗು ಎಂದರೆ ಮೀಟರ್ ತಿರುಗಿಸುವುದು. ಲಕ್ಷ ಮೈಲಿ ಓಡಿದ ಕಾರಿನ ಓಡೋಮೀಟರನ್ನು ಹಿಂದಕ್ಕೆ ತಿರುಗಿಸಿ, ನಲವತ್ತು ಸಾವಿರ ಮೈಲಿ ಎಂದು ಮಾರುವುದು. 1972ರಲ್ಲೇ ಅಮೆರಿಕದ ಕೇಂದ್ರ ಸರಕಾರ ಇದನ್ನು ಕಾನೂನಿನ ಮೂಲಕ ನಿಷೇಧಿಸಿತ್ತು. ಆದರೂ ನಿಂತಿರಲಿಲ್ಲ. ಬೇರೆ ಬೇರೆ ಸಮಯದಲ್ಲಿ ದಾಖಲಾದ ಮೈಲಿಗಳನ್ನು ಒಂದೆಡೆ ಸೇರಿಸಿಟ್ಟರೆ ಕಳ್ಳತನ ತಾನಾಗಿಯೇ ಬಯಲಾಗುತ್ತದೆ ಎಂಬ ಸರಳ ಉಪಾಯದಿಂದ ಈ ಕೆಲಸ ಶುರುವಾಯಿತು. ಆರಂಭದಲ್ಲಿ ಇದ್ದದ್ದು ಹತ್ತು ಸಾವಿರ ದಾಖಲೆಗಳು ಮಾತ್ರ. ಡೀಲರ್‌ಗಳಿಗೆ ವರದಿ ಫ್ಯಾಕ್ಸ್ ಮೂಲಕ ಹೋಗುತ್ತಿತ್ತು. 1996ರ ಕೊನೆಯಲ್ಲಿ ಇಂಟರ್‌ನೆಟ್ ಮೂಲಕ ಸಾಮಾನ್ಯ ಗ್ರಾಹಕರಿಗೂ ಸಿಗತೊಡಗಿತು. ಎಕ್ಸ್‌ಪೀರಿಯನ್ ಸಂಸ್ಥೆಯ ಆಟೊಚೆಕ್ ಇದರ ಮುಖ್ಯ ಪ್ರತಿಸ್ಪರ್ಧಿ. ಅದು ಕಾರಿಗೆ ಪರೀಕ್ಷೆಯಲ್ಲಿ ಕೊಟ್ಟಂತೆ ಅಂಕವನ್ನೂ ಕೊಡುತ್ತದೆ.

ಇದೆಲ್ಲ ಸಾಧ್ಯವಾದದ್ದು ಪ್ರತಿ ಕಾರಿಗೂ ಇರುವ 17 ಅಕ್ಷರ ಮತ್ತು ಅಂಕೆಗಳ ಗುರುತು ಸಂಖ್ಯೆಯಿಂದ. ನಾವು ಚಾಸಿಸ್ ನಂಬರ್ ಎನ್ನುವುದನ್ನು ಅಮೆರಿಕದಲ್ಲಿ ವಿನ್ ಎನ್ನುತ್ತಾರೆ. 1981ರಿಂದ ಅದರ ಮಾದರಿ ಏಕರೂಪವಾಗಿದೆ. ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗಬಾರದೆಂದು ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಮಾಲಕ ಬದಲಾದರೂ, ನಂಬರ್ ಪ್ಲೇಟ್ ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಡೀಲರನ ವೆಬ್‌ಸೈಟ್‌ನಲ್ಲಿರುವ ಲಿಂಕ್‌ನೊಳಗೆ ಇದೇ ಸಂಖ್ಯೆ ಅಡಗಿರುತ್ತದೆ. ನೀವು ಒತ್ತಿದಾಗ ಆ ಸಂಖ್ಯೆಯ ಮುಂದೆ ಬರೆದಿಟ್ಟ ದಾಖಲೆಗಳು ತೆರೆದುಕೊಳ್ಳುತ್ತವೆ.

ಈ ವರದಿಗಳಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮೀಟರ್ ತಿರುಗಿಸಿದ ಕಾರುಗಳಿಂದ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಮೋಸ ಹೋಗುತ್ತಾರೆ, ಒಟ್ಟು ನಷ್ಟ ನೂರು ಕೋಟಿ ಡಾಲರ್‌ಗೂ ಹೆಚ್ಚು ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 2002ರಲ್ಲಿ ಅಂದಾಜು ಮಾಡಿತ್ತು. ಇಂತಹ ಮೋಸವನ್ನು ಹಿಡಿಯುವಲ್ಲಿ ವರದಿ ನಿಜಕ್ಕೂ ನೆರವಾಗುತ್ತದೆ. ಕಳೆದ ವರ್ಷ ಸರ್ವಿಸ್‌ಗೆ ಬಂದಾಗ 90 ಸಾವಿರ ಮೈಲಿ ಓಡಿದ್ದ ಕಾರು ಈ ವರ್ಷ 60 ಸಾವಿರ ತೋರಿಸಿದರೆ ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ.

'ಆಗಿಲ್ಲ' ಮತ್ತು 'ವರದಿಯಾಗಿಲ್ಲ'

ಈಗ ಆ ಯುವಕನ ಕಾರಿಗೆ ಬರೋಣ. ವರದಿ ತಯಾರಿಸುವ ಕಂಪೆನಿ ಯಾವ ಕಾರನ್ನೂ ಕಣ್ಣಿನಿಂದ ನೋಡುವುದಿಲ್ಲ. ರಾಜ್ಯಗಳ ಸಾರಿಗೆ ಇಲಾಖೆ, ಪೊಲೀಸರು, ವಿಮಾ ಕಂಪೆನಿಗಳು, ಹರಾಜು ಕೇಂದ್ರಗಳು, ಸರ್ವಿಸ್ ಗ್ಯಾರೇಜುಗಳು ಕೊಟ್ಟದ್ದನ್ನು ಮಾತ್ರ ಅದು ಜೋಡಿಸಿ ಇಡುತ್ತದೆ. ಯಾರೂ ಹೇಳದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಆ ಕಾರಿನ ಹಿಂದಿನ ಮಾಲಕರಿಗೆ ಇದ್ದದ್ದು ಬಹುಶಃ ಎದುರಿನವರ ನಷ್ಟ ಭರಿಸುವ ಕಡ್ಡಾಯ ವಿಮೆ ಮಾತ್ರ. ಸ್ವಂತ ಕಾರು ಮುಳುಗಿದರೆ ಆ ವಿಮೆಯಿಂದ ಒಂದು ಡಾಲರೂ ಸಿಗುವುದಿಲ್ಲ. ಹಣ ಸಿಗುವುದಿಲ್ಲವೆಂದಾದ ಮೇಲೆ ವಿಮಾ ಕಂಪೆನಿಗೆ ತಿಳಿಸುವವರು ಯಾರು? ಅವರು ಸಿಕ್ಕಿದ ಬೆಲೆಗೆ ಮಾರಿದರು. ಕೊಂಡವನು ನೀರು ಬಸಿದು, ಒಣಗಿಸಿ, ಕಾರ್ಪೆಟ್ ಬದಲಿಸಿ, ಸುಗಂಧ ಸಿಂಪಡಿಸಿ ಹರಾಜಿಗೆ ಕಳುಹಿಸಿದ. ಪೊಲೀಸರಿಲ್ಲ, ವಿಮೆಯಿಲ್ಲ, ದಾಖಲೆಯಿಲ್ಲ. ಕೈಯಿಂದ ಹಣ ಕೊಟ್ಟು ರಿಪೇರಿ ಮಾಡಿಸಿದ ಅಪಘಾತಗಳ ಕತೆಯೂ ಇದೇ.

ವರದಿ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಿ. ಅದು 'ಹಾನಿಯಾಗಿಲ್ಲ' ಎನ್ನಲಿಲ್ಲ, 'ಹಾನಿ ವರದಿಯಾಗಿಲ್ಲ' ಎಂದಿತು. ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ಒಂದು ಇಡೀ ಪ್ರವಾಹ ಅಡಗಿ ಕುಳಿತಿತ್ತು. ಓದುವ ಆತುರದಲ್ಲಿ ನಮ್ಮ ಕಣ್ಣು ಆ ಒಂದು ಪದವನ್ನು ಹಾರಿಸಿ ಬಿಡುತ್ತದೆ.

ದಾಖಲೆ ಇದ್ದರೂ ಅದನ್ನು ಅಳಿಸುವ ದಾರಿಗಳಿದ್ದವು. ಅಮೆರಿಕದಲ್ಲಿ ಕಾರಿನ ಒಡೆತನದ ಪತ್ರವನ್ನು ಆಯಾ ರಾಜ್ಯ ಕೊಡುತ್ತದೆ. ತೀರಾ ಹಾಳಾದ ಕಾರಿನ ಪತ್ರದ ಮೇಲೆ 'ಸಾಲ್ವೇಜ್' ಅಥವಾ 'ಪ್ರವಾಹ' ಎಂಬ ಮುದ್ರೆ ಬೀಳುತ್ತದೆ. ಆದರೆ ಪ್ರತಿ ರಾಜ್ಯದ ನಿಯಮ ಬೇರೆ ಬೇರೆ. ಮುದ್ರೆ ಬಿದ್ದ ಕಾರನ್ನು ನಿಯಮ ಸಡಿಲವಿರುವ ರಾಜ್ಯಕ್ಕೆ ಒಯ್ದು ಹೊಸ ಪತ್ರ ಮಾಡಿಸಿದರೆ ಮುದ್ರೆ ಮಾಯ. ಪತ್ರ ತೊಳೆಯುವುದು ಎಂದೇ ಇದಕ್ಕೆ ಹೆಸರು. ಇದನ್ನು ತಡೆಯಲು 1992ರ ಕಾನೂನಿನಡಿ ಒಂದು ರಾಷ್ಟ್ರೀಯ ದಾಖಲೆ ವ್ಯವಸ್ಥೆಯನ್ನು ರೂಪಿಸಲಾಯಿತು. ಎನ್‌ಎಂವಿಟಿಐಎಸ್ ಎಂಬ ಉದ್ದ ಹೆಸರಿನ ಈ ವ್ಯವಸ್ಥೆ ನ್ಯಾಯ ಇಲಾಖೆಯ ಉಸ್ತುವಾರಿಯಲ್ಲಿದೆ. ಜನಸಾಮಾನ್ಯರಿಗೆ ಇದು ತೆರೆದದ್ದು 2009ರಲ್ಲಿ, ಅಂದರೆ ಕಾನೂನು ಬಂದು 17 ವರ್ಷಗಳ ನಂತರ! ವಿಮಾ ಕಂಪೆನಿಗಳು ಮತ್ತು ಗುಜರಿ ಯಾರ್ಡುಗಳು ಪ್ರತಿ ತಿಂಗಳು ಇದಕ್ಕೆ ವರದಿ ಸಲ್ಲಿಸಬೇಕು. ಇದರ ವರದಿ ಕೆಲವೇ ಡಾಲರುಗಳಿಗೆ ಸಿಗುತ್ತದೆ. ಡೀಲರನ ವೆಬ್‌ಸೈಟ್‌ನಲ್ಲಿ ಹೊಳೆಯುವ ಲಿಂಕ್‌ಗಿಂತ ಇದು ಬೇರೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಸಾಕ್ಷಿಗೆ ಖರ್ಚು ಕೊಡುವವರು ಯಾರು?

'ಮೂರನೆಯವನಿಗೇನು ಲಾಭ' ಎಂಬ ಪ್ರಶ್ನೆಗೆ ಈಗ ಬರೋಣ. ನಾವೇ ನೇರವಾಗಿ ಕೊಂಡರೆ ಕಾರ್‌ಫ್ಯಾಕ್ಸ್‌ನ ಒಂದು ವರದಿಗೆ ಸುಮಾರು 45 ಡಾಲರ್ ಆಗುತ್ತದೆ. ಡೀಲರನ ವೆಬ್‌ಸೈಟ್‌ನಲ್ಲಿ ಅದು ಉಚಿತ. ಹಾಗಾದರೆ ಹಣ ಕೊಡುವವರು ಯಾರು? ಡೀಲರ್. ಆತ ಕಂಪೆನಿಗೆ ಚಂದಾ ಕಟ್ಟುತ್ತಾನೆ. ಗ್ರಾಹಕನ ಮನಸ್ಸಿನಲ್ಲಿ ವಿಶ್ವಾಸ ಮೂಡಿಸಲು ಆತ ಮಾಡುವ ಖರ್ಚು ಇದು. ಅಂದ ಮಾತ್ರಕ್ಕೆ ಕಂಪೆನಿ ಡೀಲರನಿಗಾಗಿ ಸುಳ್ಳು ಬರೆಯುತ್ತದೆ ಎಂದು ಅರ್ಥವಲ್ಲ. ಆದರೆ ಸಾಕ್ಷಿಯನ್ನು ಕರೆತಂದವನು, ಅದರ ಖರ್ಚು ಕೊಟ್ಟವನು ಮಾರುವವನೇ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಕುತೂಹಲದ ಸಂಗತಿ ಎಂದರೆ ಡೀಲರ್‌ಗಳಿಗೂ ಈ ಲಿಂಕ್‌ನ ಬಗ್ಗೆ ದೂರು ಇತ್ತು. 2013ರಲ್ಲಿ ನೂರಕ್ಕೂ ಹೆಚ್ಚು ಡೀಲರ್‌ಗಳು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಕಾರ್‌ಫ್ಯಾಕ್ಸ್ ವಿರುದ್ಧ ದಾವೆ ಹೂಡಿದರು. ಕಾರು ಜಾಹೀರಾತಿನ ದೊಡ್ಡ ವೆಬ್‌ಸೈಟ್‌ಗಳೊಂದಿಗೆ ಒಪ್ಪಂದ ಮಾಡಿಕೊಂಡು ತನ್ನ ಲಿಂಕ್ ಮಾತ್ರ ಕಾಣಿಸುವಂತೆ ಕಂಪೆನಿ ನೋಡಿಕೊಂಡಿದೆ, ನಮಗೆ ಬೇರೆ ಆಯ್ಕೆಯೇ ಇಲ್ಲದಂತಾಗಿದೆ ಎಂಬುದು ಅವರ ವಾದ. 2016ರಲ್ಲಿ ನ್ಯಾಯಾಲಯ ಕಂಪೆನಿಯ ಪರವಾಗಿ ತೀರ್ಪಿತ್ತಿತು. ತೀರ್ಪು ಏನೇ ಇರಲಿ, ಒಂದು ಪುಟ್ಟ ಲಿಂಕ್‌ನ ಹಿಂದೆ ಎಷ್ಟು ದೊಡ್ಡ ವ್ಯಾಪಾರವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಕಾನೂನು ಏನು ಹೇಳುತ್ತದೆ? 1985ರಿಂದ ಅಮೆರಿಕದ ಡೀಲರ್‌ಗಳು ಪ್ರತಿ ಹಳೆಯ ಕಾರಿನ ಮೇಲೆ 'ಖರೀದಿದಾರರ ಮಾರ್ಗದರ್ಶಿ' ಎಂಬ ಹಾಳೆಯನ್ನು ಅಂಟಿಸಬೇಕು. ವಾರಂಟಿ ಇದೆಯೇ ಅಥವಾ 'ಇದ್ದಂತೆಯೇ' ಮಾರಲಾಗುತ್ತಿದೆಯೇ ಎಂದು ಅದರಲ್ಲಿ ಬರೆದಿರುತ್ತದೆ. 2016ರ ಕೊನೆಯಲ್ಲಿ ಈ ನಿಯಮವನ್ನು ತಿದ್ದಿದ ಫೆಡರಲ್ ಟ್ರೇಡ್ ಕಮಿಷನ್, ಕಾರಿನ ಚರಿತ್ರೆಯ ವರದಿಯನ್ನು ಪಡೆದುಕೊಳ್ಳಿ ಎಂಬ ಸೂಚನೆಯನ್ನು ಆ ಹಾಳೆಗೆ ಸೇರಿಸಿತು. ಆದರೆ ಡೀಲರ್ ವರದಿ ತೋರಿಸಲೇಬೇಕು ಎಂಬ ಕಡ್ಡಾಯವನ್ನು ಹೇರಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯ ಮಾತ್ರ ಒಂದು ಹೆಜ್ಜೆ ಮುಂದೆ ಹೋಯಿತು. 2012ರ ಜುಲೈಯಿಂದ ಅಲ್ಲಿನ ಡೀಲರ್‌ಗಳು ಕಾರು ಮಾರುವ ಮುನ್ನ ರಾಷ್ಟ್ರೀಯ ದಾಖಲೆಯನ್ನು ಪರಿಶೀಲಿಸಬೇಕು. ಕಾರಿನ ಮೇಲೆ ಸಾಲ್ವೇಜ್ ಮುದ್ರೆ ಇದ್ದರೆ ಎದ್ದು ಕಾಣುವ ಕೆಂಪು ಎಚ್ಚರಿಕೆಯನ್ನು ಅಂಟಿಸಬೇಕು.

ನಮ್ಮ ಯುವಕ ಡೀಲರನ ಬಳಿಗೆ ಹೋದಾಗ ಆತ ತಣ್ಣಗೆ ಹೇಳಿದ: "ಲಿಂಕ್ ನಿಮ್ಮ ಮುಂದೆಯೇ ಇತ್ತು. ನೀವೇ ಓದಿದ್ದೀರಿ. 'ಇದ್ದಂತೆಯೇ' ಎಂಬ ಕಾಗದಕ್ಕೆ ನೀವೇ ಸಹಿ ಹಾಕಿದ್ದೀರಿ." ವರದಿಯ ಕಂಪೆನಿ ಕೊಡುವ ಮರುಖರೀದಿಯ ಭರವಸೆಯೂ ಉಪಯೋಗಕ್ಕೆ ಬರಲಿಲ್ಲ. ಸರಕಾರಿ ಇಲಾಖೆ ಒಡೆತನದ ಪತ್ರದ ಮೇಲೆ ಹಾಕಿದ ಮುದ್ರೆಯನ್ನು ವರದಿ ಬಿಟ್ಟಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಇಲ್ಲಿ ಮುದ್ರೆಯೇ ಬಿದ್ದಿರಲಿಲ್ಲ.

ಓದಲು ಕಲಿಯೋಣ

ಹಾಗಾದರೆ ವರದಿ ನಿರುಪಯುಕ್ತವೇ? ಖಂಡಿತ ಅಲ್ಲ. ಆ ಯುವಕ ಅದೇ ವರದಿಯನ್ನು ಮತ್ತೊಮ್ಮೆ ನಿಧಾನವಾಗಿ ಓದಿದಾಗ ಸುಳಿವುಗಳು ಅದರಲ್ಲೇ ಇದ್ದವು. ಕಾರು 2017ರವರೆಗೆ ಹೂಸ್ಟನ್‌ನಲ್ಲಿ ನೋಂದಣಿಯಾಗಿತ್ತು. ಅಲ್ಲಿಯವರೆಗೆ ತಪ್ಪದೆ ನಡೆಯುತ್ತಿದ್ದ ಸರ್ವಿಸ್ ಆ ಆಗಸ್ಟ್ ನಂತರ ಏಳು ತಿಂಗಳು ನಿಂತು ಹೋಗಿತ್ತು. ಆಮೇಲೆ ಒಮ್ಮೆಲೆ ಹರಾಜಿನಲ್ಲಿ ಕಾಣಿಸಿಕೊಂಡಿತ್ತು. ಆತ ಹಸಿರು ಗುರುತುಗಳನ್ನು ನೋಡಿದ್ದ, ಖಾಲಿ ಬಿಟ್ಟ ತಿಂಗಳುಗಳನ್ನು ನೋಡಿರಲಿಲ್ಲ.

ಅಮೆರಿಕದಲ್ಲಿ ಮಕ್ಕಳು, ಬಂಧುಗಳು ಇರುವವರು ಅವರಿಗೆ ಈ ಕೆಲವು ವಿಷಯಗಳನ್ನು ಹೇಳಿ.

ಒಂದು, ವರದಿಯ ಸಾರಾಂಶ ಓದಿ ನಿಲ್ಲಿಸಬೇಡಿ. ಊರು, ತಿಂಗಳು, ಮೈಲಿಗಳನ್ನು ಸಾಲು ಸಾಲಾಗಿ ಓದಿ. ದೀರ್ಘ ಮೌನವಿದ್ದರೆ ಕಾರಣ ಕೇಳಿ.

ಎರಡು, ವರದಿಯಲ್ಲಿರುವ 17 ಅಂಕೆ-ಅಕ್ಷರಗಳು ಮುಂದಿನ ಗಾಜಿನ ಕೆಳಗೆ ಮತ್ತು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಇರುವುದರೊಂದಿಗೆ ತಾಳೆಯಾಗುತ್ತವೆಯೇ ನೋಡಿ. ವರದಿಯ ದಿನಾಂಕವನ್ನೂ ನೋಡಿ. ಖರೀದಿಸುವ ದಿನದ ಹೊಸ ವರದಿಯನ್ನೇ ಕೇಳಿ.

ಮೂರು, ಒಂದೇ ಸಾಕ್ಷಿಯನ್ನು ನಂಬಬೇಡಿ. ಎರಡು ಕಂಪೆನಿಗಳ ವರದಿಗಳಲ್ಲಿ ಒಂದರಲ್ಲಿರುವುದು ಇನ್ನೊಂದರಲ್ಲಿ ಇಲ್ಲದಿರಬಹುದು. 2005ರ ಕತ್ರಿನಾ ಚಂಡಮಾರುತದ ನಂತರ ವಿಮಾ ಅಪರಾಧ ತಡೆ ಸಂಸ್ಥೆಯಾದ ಎನ್‌ಐಸಿಬಿ, ಕಳವಾದ ಹಾಗೂ ಸಾಲ್ವೇಜ್ ಕಾರುಗಳ ಬಗ್ಗೆ ಉಚಿತವಾಗಿ ಪರಿಶೀಲಿಸುವ ಸೌಲಭ್ಯ ಆರಂಭಿಸಿತು. ತಯಾರಿಕೆಯ ದೋಷದಿಂದ ಕಂಪೆನಿ ಹಿಂದಕ್ಕೆ ಕರೆದಿರುವ ಕಾರೇ ಎಂಬುದನ್ನು 2014ರಿಂದ ಹೆದ್ದಾರಿ ಸುರಕ್ಷತಾ ಇಲಾಖೆಯ ವೆಬ್‌ಸೈಟ್‌ನಲ್ಲಿ ಉಚಿತವಾಗಿ ನೋಡಬಹುದು.

ನಾಲ್ಕು, ಡೀಲರನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ಹಣ ಕೊಟ್ಟು ತೋರಿಸಿ. ಹೊರಗೆ ಒಯ್ಯಲು ಡೀಲರ್ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಲು, ಸ್ಟೆಪ್ನಿಯ ಕೆಳಗೆ ಕೈಯಾಡಿಸಲು ಯಾರ ವರದಿಯೂ ಬೇಡ.

ಐದು, ಕಾರು ಮಾರುವವರಿಗೆ ಒಂದು ಎಚ್ಚರಿಕೆ. ಕೊಳ್ಳುವವರ ವೇಷದಲ್ಲಿ ಬಂದು, "ಈ ಲಿಂಕ್‌ನಲ್ಲೇ ವರದಿ ಮಾಡಿಸಿ ಕೊಡಿ" ಎಂದು ಅಪರಿಚಿತ ವೆಬ್‌ಸೈಟ್‌ಗೆ ಕಳುಹಿಸಿ, ಕ್ರೆಡಿಟ್ ಕಾರ್ಡ್ ವಿವರ ಕದಿಯುವವರಿದ್ದಾರೆ. 2018ರಲ್ಲೇ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ಎಚ್ಚರಿಸಿದೆ.

ಸಮುದ್ರ ದಾಟಿ ಬರುವ ಕಾರು

ಇದು ಅಮೆರಿಕದ ವಿಷಯ, ನಮಗೇಕೆ ಎನ್ನಬೇಡಿ. ಅಲ್ಲಿನ ಹರಾಜಿನಲ್ಲಿ ಬಿಕರಿಯಾಗುವ ಜಖಂಗೊಂಡ ಕಾರುಗಳು ಹಡಗು ಹತ್ತಿ ಬೇರೆ ದೇಶಗಳಿಗೆ ಹೋಗುತ್ತವೆ. ಯುಎಇ ಅವುಗಳ ಒಂದು ದೊಡ್ಡ ಮಾರುಕಟ್ಟೆ. ದುಬೈ, ಶಾರ್ಜಾದಲ್ಲಿರುವ ನಮ್ಮ ಕರಾವಳಿಯ ಹುಡುಗರಿಗೆ 'ಜಿಸಿಸಿ ಸ್ಪೆಕ್' ಮತ್ತು 'ಅಮೆರಿಕನ್ ಸ್ಪೆಕ್' ಎಂಬ ಮಾತುಗಳು ಹೊಸದೇನಲ್ಲ. ಅಮೆರಿಕನ್ ಸ್ಪೆಕ್ ಕಾರು ಅಗ್ಗಕ್ಕೆ ಸಿಕ್ಕಿದರೆ ಸಂತೋಷಪಡುವ ಮುನ್ನ ಅದರ ಚಾಸಿಸ್ ನಂಬರಿನ ಅಮೆರಿಕದ ವರದಿಯನ್ನು ತರಿಸಿ ನೋಡುವುದು ಒಳ್ಳೆಯದು. ಸಮುದ್ರ ದಾಟಿದರೂ ನಂಬರ್ ಅದೇ ಇರುತ್ತದೆ. ಅಲ್ಲಿ ಬಿದ್ದ ಮುದ್ರೆಯೂ ಅದರಲ್ಲಿ ಕಾಣುತ್ತದೆ.

ನಮ್ಮ ದೇಶದಲ್ಲಿ ಪ್ರತಿ ಕಾರಿನ ಅಪಘಾತ, ಸರ್ವಿಸ್ ಚರಿತ್ರೆ ಒಂದೆಡೆ ಸಿಗುವಂತಹ ವ್ಯವಸ್ಥೆ ಬೆಳೆದಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯ ದಿನಾಂಕ, ವಿಮೆ ಮತ್ತು ಫಿಟ್‌ನೆಸ್‌ನ ಅವಧಿಯಂತಹ ವಿವರಗಳು ಸಿಗುತ್ತವೆ. ಆದರೆ ಕಾರು ಮುಳುಗಿತ್ತೇ ಎಂಬುದು ಸಿಗುವುದಿಲ್ಲ. 2018ರಲ್ಲಿ ಕೇರಳ ಮುಳುಗಿತು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ತೇಲಿದವು. ಆ ಕಾರುಗಳೆಲ್ಲ ಎಲ್ಲಿ ಹೋದವು ಎಂದು ಕೊಳ್ಳುವವರು ಕೇಳಿಕೊಳ್ಳಲೇಬೇಕು. ಹಳೆಯ ವಿಮಾ ಪಾಲಿಸಿಯ ಪ್ರತಿ ಕೇಳಿ, ಕ್ಲೈಮ್ ಮಾಡದವರಿಗೆ ಸಿಗುವ 'ನೋ ಕ್ಲೈಮ್ ಬೋನಸ್' ಎಷ್ಟಿದೆ ಎಂದು ನೋಡಿ. ಐದು ವರ್ಷ ಕ್ಲೈಮ್ ಇಲ್ಲದಿದ್ದರೆ ಅದು ಶೇಕಡಾ 50ಕ್ಕೆ ತಲುಪಿರುತ್ತದೆ. ಹಳೆಯ ಕಾರಿಗೆ ಬೋನಸ್ ಸೊನ್ನೆ ಎಂದಿದ್ದರೆ ಯಾವುದಕ್ಕಾಗಿ ಕ್ಲೈಮ್ ಮಾಡಿದ್ದರು ಎಂದು ವಿಚಾರಿಸಿ. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಕಾರಿನ ಹಳೆಯ ಬಿಲ್ಲುಗಳನ್ನು ಕೇಳಿ ನೋಡಿ. ಹಳೆಯ ಕಾರು ಮಾರುವ ವೆಬ್‌ಸೈಟ್‌ಗಳು ನೂರಾರು ಅಂಶಗಳ ತಪಾಸಣಾ ವರದಿಯನ್ನು ತೋರಿಸುತ್ತವೆ. ಅದು ಮಾರುವವನೇ ಬರೆದ ವರದಿ ಎಂಬುದು ನೆನಪಿರಲಿ.

ವರದಿಗೆ ಗೊತ್ತಿಲ್ಲದ್ದು

ಆ ಯುವಕನ ಕಾರು ಏನಾಯಿತು ಎಂದು ನೀವು ಕೇಳಬಹುದು. ಆತ ಬೇರೊಂದು ಅಂಗಡಿಗೆ ಹೋಗಿ, ಎಕ್ಸ್‌ಚೇಂಜ್‌ಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದ. ಅವರು ಕಂಪ್ಯೂಟರಿನಲ್ಲಿ ನಂಬರ್ ಹಾಕಿ ನೋಡಿದರು. ಅದೇ ಸ್ವಚ್ಛ ವರದಿ! ಒಂಬತ್ತು ಸಾವಿರ ಡಾಲರ್ ಕೊಡುತ್ತೇವೆ ಎಂದರು. ಮುಳುಗಿತ್ತೇ ಎಂದು ಯಾರೂ ಕೇಳಲಿಲ್ಲ.

ಅಂದು ರಾತ್ರಿ ಆತ ಊರಿಗೆ ಫೋನ್ ಮಾಡಿದ. "ನಾನು ಸುಳ್ಳು ಹೇಳಬೇಕಾಗಿಯೇ ಇಲ್ಲ ಉಮ್ಮಾ. ಅವರು ಕೇಳುವುದೇ ಇಲ್ಲ. ವರದಿ ಇದೆಯಲ್ಲ" ಎಂದ. ಮಗನ ನಷ್ಟ ಎಷ್ಟೆಂದು ತಾಯಿಗೆ ಗೊತ್ತಿತ್ತು. ಆ ಹಣ ಕೂಡಿಡಲು ಆತ ಎಷ್ಟು ಕಷ್ಟಪಟ್ಟಿದ್ದ ಎಂಬುದೂ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇಷ್ಟೇ: "ವರದಿಗೆ ಗೊತ್ತಿಲ್ಲ ಮಗಾ, ನಿನಗೆ ಗೊತ್ತಿದೆಯಲ್ಲ. ನಾಳೆ ಆ ಸೀಟಿನಲ್ಲಿ ಯಾರದೋ ಮಗು ಕೂರುತ್ತದೆ."

ಆತ ಕಾರನ್ನು ಬಿಡಿಭಾಗಗಳಿಗಾಗಿ ಕೊಳ್ಳುವ ಗುಜರಿ ಯಾರ್ಡಿಗೆ ಕೊಟ್ಟ. ಪ್ರವಾಹದಲ್ಲಿ ಮುಳುಗಿದ ಕಾರು ಎಂದು ಬರೆದೇ ಕೊಟ್ಟ. ಸಿಕ್ಕಿದ್ದು 1,500 ಡಾಲರ್. ಮೂರು ತಿಂಗಳ ನಂತರ ಕುತೂಹಲದಿಂದ ಕೆಲವು ಡಾಲರ್ ಖರ್ಚು ಮಾಡಿ ಆ ಸಂಖ್ಯೆಯ ರಾಷ್ಟ್ರೀಯ ದಾಖಲೆಯನ್ನು ತೆಗೆದು ನೋಡಿದ. ಯಾರ್ಡ್ ತನ್ನ ತಿಂಗಳ ವರದಿ ಸಲ್ಲಿಸಿತ್ತು. ಖಾಲಿಯಿದ್ದ ಜಾಗದಲ್ಲಿ ಈಗ 'ಸಾಲ್ವೇಜ್' ಎಂಬ ಒಂದು ಸಾಲು ಇತ್ತು.

ಆ ಕಾರಿನ ಬಗ್ಗೆ ದಾಖಲಾದ ಮೊದಲ ನಿಜ ಅದು. ಅದನ್ನು ಬರೆಸಿದ್ದು ಕಂಪ್ಯೂಟರ್ ಅಲ್ಲ, ಕಂಪೆನಿಯೂ ಅಲ್ಲ. ಒಂಬತ್ತು ಸಾವಿರ ಡಾಲರ್ ಕೈಗೆ ಬರುವಂತಿದ್ದಾಗ ಬಾಯಿ ಬಿಟ್ಟ ಒಬ್ಬ ಮಾರುವವನು. ಎಲ್ಲ ವರದಿಗಳೂ ಕೊನೆಗೆ ನಿಂತಿರುವುದು ಇಂತಹವರ ಮೇಲೆಯೇ. ಹೇಳುವವರು ಹೇಳದಿದ್ದರೆ ಯಾವ ಲಿಂಕ್ ಒತ್ತಿದರೂ ಕಾಣುವುದು ಹಸಿರು ಗುರುತು ಮಾತ್ರ.

ನಾವೂ ಒಂದಲ್ಲ ಒಂದು ದಿನ ಹಳೆಯ ಸ್ಕೂಟರನ್ನೋ, ಫ್ರಿಜ್ಜನ್ನೋ, ಮನೆಯನ್ನೋ ಮಾರುತ್ತೇವೆ. ಕೊಳ್ಳುವವರು ಎಲ್ಲವನ್ನೂ ಕೇಳಲಾರರು. ಅವರು ಕೇಳದೆ ಬಿಟ್ಟ ಪ್ರಶ್ನೆಗೆ ನಾವು ಕೊಡುವ ಉತ್ತರವೇನು?